ಷಡ್ಡಕನ ಹಿಮಾಲಯವೂ ನಮ್ಮ ಬಂಡೆಯೂ

ಬೇಸಿಗೆ ರಜ ಬಂತೆಂದು ಮಕ್ಕಳಿಗೆ ಗೊತ್ತಾಗುವುದು ಪರೀಕ್ಷೆ ಮುಗಿದಾಗ. ನನಗೆ ಗೊತ್ತಾಗುವುದು ನನ್ನ ನಾದಿನಿಯ ಫೋನ್ ಬಂದಾಗ. ಏಪ್ರಿಲ್ ಮೊದಲ ವಾರದಲ್ಲಿ ಒಂದು ಸಂಜೆ ಅದು ಬಂದೇ ಬರುತ್ತದೆ. ಅಕ್ಕತಂಗಿಯರು ಮುಕ್ಕಾಲು ಗಂಟೆ ಕೂತು ಹಪ್ಪಳದ ಹಿಟ್ಟು, ಮಗಳ ಟ್ಯೂಷನ್ನು, ಯಾರದೋ ಮನೆಯ ನಾಮಕರಣದಲ್ಲಿ ಹೋಳಿಗೆ ಸೀದದ್ದು, ಎಲ್ಲ ಮುಗಿಸುತ್ತಾರೆ. ಇನ್ನೇನು ಫೋನ್ ಇಡಬೇಕು, ಆಗ ನಾದಿನಿಗೆ ಏನೋ ಮರೆತದ್ದು ನೆನಪಾಗುತ್ತದೆ.

"ಅಂದಹಾಗೆ ಅಕ್ಕಾ, ಈ ಸಲ ನಾವು ಮನಾಲಿಗೆ ಹೊರಟ್ವಿ."

ಆ 'ಅಂದಹಾಗೆ'ಗೆ ಎಷ್ಟು ಸಾವಿರ ರೂಪಾಯಿ ಬೆಲೆ ಅನ್ನುವುದು ನನ್ನಂಥ ಗಂಡಂದಿರಿಗೇ ಗೊತ್ತು. ಹೋದ ವರ್ಷ ಅದು ಡಾರ್ಜಿಲಿಂಗ್ ಆಗಿತ್ತು, ಅದರ ಹಿಂದಿನ ವರ್ಷ ಅಂಡಮಾನ್. ನನ್ನ ಷಡ್ಡಕ ಒಳ್ಳೆಯ ಮನುಷ್ಯ. ಕೈಯಲ್ಲಿ ಕಾಸಿದ್ದಾಗ ಖರ್ಚು ಮಾಡುವ ಒಂದು ಕೆಟ್ಟ ಚಾಳಿ ಬಿಟ್ಟರೆ ಅವನಲ್ಲಿ ಇನ್ನೇನೂ ದೋಷವಿಲ್ಲ.

ಫೋನಿಟ್ಟ ಮೇಲೆ ನಮ್ಮಾಕೆ ಏನೂ ಅನ್ನಲಿಲ್ಲ. ಕಾಫಿ ಲೋಟವನ್ನು ನನ್ನ ಮುಂದೆ ಇಟ್ಟಳು, ಅಷ್ಟೆ. ಆದರೆ ಲೋಟ ಇಡುವುದರಲ್ಲೂ ಒಂದು ವ್ಯಾಕರಣವಿದೆ. ಅವತ್ತು ಅದು 'ಟಣ್' ಅಂದಿತು. ಕಾಫಿ ಅರ್ಧ ಸಾಸರಿಗೆ ಬಂತು. ನಾನು ಗಂಟಲು ಸರಿಮಾಡಿಕೊಂಡು ಒಂದು ಭಾಷಣ ಮಾಡಿದೆ. ದೂರ ಹೋಗುವುದೇ ಪ್ರವಾಸವಲ್ಲ, ವಿಮಾನ ಹತ್ತುವುದೇ ಜ್ಞಾನವಲ್ಲ, ನಾವು ಹುಟ್ಟಿ ಬೆಳೆದ ಬೆಂಗಳೂರಿನಲ್ಲೇ ನಾವು ಕಾಣದ್ದು ಎಷ್ಟಿಲ್ಲ, ಈ ಬೇಸಿಗೆಯಲ್ಲಿ ಬೆಳಗ್ಗೆ ಹೊರಟು ರಾತ್ರಿ ಊಟಕ್ಕೆ ಮನೆಗೆ ಬರುವಷ್ಟು ದೂರದ ಜಾಗಗಳನ್ನೇ ನೋಡೋಣ ಎಂದೆ. ಹಿತ್ತಲ ಗಿಡ ಮದ್ದಲ್ಲ ಅನ್ನುವ ಗಾದೆಯನ್ನೂ ಎಳೆದು ತಂದೆ. ಇಂಥ ಭಾಷಣದಲ್ಲಿ ಆ ಗಾದೆ ಬರದಿದ್ದರೆ ಸಭೆ ಏಳುವುದಿಲ್ಲ. ಕೊನೆಗೆ ಇದಕ್ಕೆ 'ಹತ್ತಿರದ ಊರು ಹುಡುಕಾಟ' ಅಂತ ಹೆಸರನ್ನೂ ಇಟ್ಟೆ.

"ಜಿಪುಣತನಕ್ಕೆ ಇಷ್ಟು ಚೆಂದದ ಹೆಸರು ಇಟ್ಟಿದ್ದನ್ನ ಇವತ್ತೇ ಕೇಳಿದ್ದು ಕಣ್ರೀ" ಅಂದಳು.

ಮಗಳು ಕಿವಿಗೆ ಸಿಕ್ಕಿಸಿದ್ದನ್ನು ತೆಗೆಯಲೇ ಇಲ್ಲ. ಮಗ, "ಅಪ್ಪ, ಅಲ್ಲಿ ಹಿಮ ಇರುತ್ತಾ?" ಅಂದ. ಅಮ್ಮ ಒಬ್ಬರೇ ನನ್ನ ಪರ. ಎಪ್ಪತ್ತೆಂಟರ ಅಮ್ಮನಿಗೆ ಎಲ್ಲಿಗೆ ಅನ್ನುವುದು ಮುಖ್ಯವಲ್ಲ, ಹೊರಡುವುದು ಮುಖ್ಯ. "ಎಷ್ಟು ಹೊತ್ತಿಗೆ ರೆಡಿಯಾಗಿರಲಿ?" ಅಂತ ಆಗಲೇ ಸೀರೆ ತೆಗೆಯಲು ಎದ್ದಿದ್ದರು.

ನನ್ನ ಯೋಜನೆಗೆ ಸರ್ಕಾರದ ಬೆಂಬಲವೂ ಇತ್ತು ಅನ್ನುವುದನ್ನು ಇಲ್ಲಿ ಹೇಳಿಬಿಡಬೇಕು. ಶಕ್ತಿ ಯೋಜನೆ ಬಂದ 2023ರಿಂದ ನಮ್ಮ ಮನೆಯ ಮೂವರು ಹೆಂಗಸರಿಗೆ ಸಿಟಿ ಬಸ್ಸು ಪುಕ್ಕಟೆ. ಟಿಕೆಟ್ಟಿಗೆ ಕಾಸು ಕೊಡಬೇಕಾದವರು ನಾನು ಮತ್ತು ಮಗ ಇಬ್ಬರೇ. ಐದು ಜನರ ಪ್ರವಾಸ, ಎರಡು ಜನರ ಖರ್ಚು. ಇಂಥ ಲೆಕ್ಕ ಮನಾಲಿಯಲ್ಲಿ ಕೂರುತ್ತದೆಯೇ?

ಮೊದಲ ಸವಾರಿ ಲಾಲ್‌ಬಾಗಿಗೆ. "ಲಾಲ್‌ಬಾಗಾ?" ಅಂತ ಮಗ ಎಳೆದ ರಾಗದಲ್ಲಿ ಒಂದು ಇಡೀ ಆಲಾಪನೆಯಿತ್ತು. ಹನುಮಂತನಗರದವರಿಗೆ ಲಾಲ್‌ಬಾಗ್ ಅಂದರೆ ಹಿತ್ತಲೇ. ನಾನೇ ಆ ಬಂಡೆಯ ಮೇಲೆ ಎಷ್ಟು ಸಲ ಕೂತಿದ್ದೇನೋ ಲೆಕ್ಕವಿಲ್ಲ. ಕಾಲೇಜು ತಪ್ಪಿಸಿ ಕೂತಿದ್ದೇನೆ. ಮದುವೆ ಗೊತ್ತಾದ ಮೇಲೆ ನಮ್ಮಾಕೆಯ ಜೊತೆ, ಆಕೆಯ ತಮ್ಮನನ್ನು ಕಾವಲಿಗೆ ನಡುವೆ ಕೂರಿಸಿಕೊಂಡು, ಕಡಲೆಕಾಯಿ ತಿಂದಿದ್ದೇನೆ. ಅಲ್ಲಿ ಒಂದು ಬರಹದ ಕಲ್ಲಿದೆ ಅನ್ನುವುದು ಮಾತ್ರ ಆವರೆಗೆ ಗೊತ್ತಿರಲಿಲ್ಲ. ಅವತ್ತು ಮಗನ ಬೂಟಿನ ದಾರ ಬಿಚ್ಚಿಹೋಯಿತು. ಅವನು ಅದನ್ನು ಕಟ್ಟಿಕೊಳ್ಳುವವರೆಗೆ ನಿಲ್ಲಬೇಕಾಯಿತು. ನಿಂತವನಿಗೆ ಬೇರೆ ಕೆಲಸವಿಲ್ಲದೆ ಓದಿದೆ. ನಮ್ಮ ಊರಿನ ಬೋರ್ಡುಗಳನ್ನು ನಾವು ಓದುವುದು ಇಂಥ ಯೋಗ ಕೂಡಿಬಂದಾಗ ಮಾತ್ರ.

ಈ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸಂತೆ. ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಸಾರಿದ್ದಾರೆ. ಕಲ್ಲಿನ ಜಾತಿಯ ಹೆಸರು ಪೆನಿನ್ಸುಲರ್ ನೈಸ್.

"ನೈಸ್ ಅಂತೆ!" ಅಂತ ಮಗ ಕುಣಿದ. "ಅಪ್ಪ, ನೈಸ್ ರೋಡ್‌ಗೂ ಇದಕ್ಕೂ ಸಂಬಂಧ ಇದೆಯಾ?"

"ಇಲ್ಲ ಕಣೋ. ಈ ನೈಸ್‌ಗೆ ಟೋಲ್ ಇಲ್ಲ."

ನಾನು ಮತ್ತೆ ಮತ್ತೆ ಓದಿದೆ. ಕೋಟಿ ಅನ್ನುವ ಮಾತು ಬೆಂಗಳೂರಿನವನ ಕಿವಿಗೆ ಬಿದ್ದರೆ ನೆನಪಾಗುವುದು ಸೈಟು ಒಂದೇ. ನೋಡಿದರೆ ಆ ಬಂಡೆಯ ಮೇಲೆ ಪದ್ಮಾಸನ ಹಾಕಿ ಕೂತಿದ್ದ ವಾಕಿಂಗ್ ಹಿರಿಯರು ಮಾತಾಡುತ್ತಿದ್ದದ್ದೂ ಅದನ್ನೇ. ಯಾವ ಬ್ಲಾಕಿನಲ್ಲಿ ಚದರಡಿಗೆ ಎಷ್ಟಾಯಿತು, ಯಾರ ಮೂಲೆ ಸೈಟು ಎಷ್ಟಕ್ಕೆ ಹೋಯಿತು. ಜೀವವೆಂಬುದೇ ಇನ್ನೂ ಬರಿಗಣ್ಣಿಗೆ ಕಾಣದಷ್ಟು ಚಿಕ್ಕದಾಗಿದ್ದ ಕಾಲದ ಕಲ್ಲಿನ ಮೇಲೆ ಕೂತು, ಮೂವತ್ತು ನಲವತ್ತರ ಸೈಟಿಗೆ ವಯಸ್ಸಾಯಿತು, ಮನೆ ಕೆಡವಿ ಕಟ್ಟಬೇಕು ಅನ್ನುತ್ತಿದ್ದರು.

ಆಗ ನನ್ನ ತಲೆಯಲ್ಲಿ ಒಂದು ದುಷ್ಟ ಲೆಕ್ಕ ಮಿಂಚಿತು. ಫೋನ್ ತೆಗೆದು ನೋಡಿದೆ. ಭಾರತದ ನೆಲ ಹೋಗಿ ಏಷ್ಯಾಕ್ಕೆ ಗುದ್ದಿ ಹಿಮಾಲಯ ಏಳಲು ಶುರುವಾಗಿ ಸುಮಾರು 5 ಕೋಟಿ ವರ್ಷ. ಅಂದರೆ ನಮ್ಮ ಬಂಡೆ ಹಿಮಾಲಯಕ್ಕಿಂತ 60 ಪಟ್ಟು ಹಿರಿದು! ಅಲ್ಲೇ ನಿಂತು ಷಡ್ಡಕನಿಗೆ ಫೋನ್ ಮಾಡಿದೆ. ಅವನು ಹಲ್ಲು ಕಟಕಟ ಅನ್ನಿಸುತ್ತ "ಹಲೋ ಭಾವ" ಅಂದ.

"ಏನಯ್ಯಾ, ಹಿಮಾಲಯ ಹೇಗಿದೆ?"

"ಅದ್ಭುತ ಭಾವ. ಮಾತೇ ಹೊರಡಲ್ಲ."

"ಎಳೇ ಕೂಸು ಅದು, ಹುಷಾರಾಗಿ ನೋಡ್ಕೊಳಪ್ಪ. ನಾನಿಲ್ಲಿ ಅದರ ಮುತ್ತಜ್ಜನ ತಲೆ ಮೇಲೆ ನಿಂತಿದೀನಿ."

"ಭಾವ, ಇಲ್ಲಿ ನೆಟ್‌ವರ್ಕ್ ಸರಿಯಿಲ್ಲ, ಏನೂ ಕೇಳಿಸ್ತಿಲ್ಲ" ಅಂತ ಇಟ್ಟುಬಿಟ್ಟ. ಕೇಳಿಸಿತ್ತು ಅಂತಲೇ ನನ್ನ ನಂಬಿಕೆ.

ಬಂಡೆ ಇಳಿದು ಬರುವಾಗ ಅಮ್ಮ ಒಂದು ನಾಗಲಿಂಗದ ಮರದ ಕೆಳಗೆ ನಿಂತುಬಿಟ್ಟರು. ಬುಡದಿಂದಲೇ ಹೂ ಬಿಡುವ, ಫಿರಂಗಿ ಗುಂಡಿನಂಥ ಕಾಯಿ ತೂಗುವ ಆ ಮರ ನಿಮಗೂ ಗೊತ್ತು. ಹೂವಿನೊಳಗೆ ಲಿಂಗ, ಅದರ ಮೇಲೆ ಹೆಡೆ ಬಿಚ್ಚಿದ ನಾಗ. ಅಮ್ಮ ಬಿದ್ದ ಹೂವೊಂದನ್ನು ಕಣ್ಣಿಗೊತ್ತಿಕೊಂಡರು. ಓದಿಕೊಂಡ ಮಗಳು ಆ ದಿನ ಮೊದಲ ಸಲ ಬಾಯಿಬಿಟ್ಟಳು. "ಅಜ್ಜೀ, ಇದು ಇಲ್ಲಿನ ಮರ ಅಲ್ಲ, ದಕ್ಷಿಣ ಅಮೆರಿಕದ್ದು."

"ಇರಲಿ ಬಿಡೇ. ಶಿವ ಅಲ್ಲೂ ಇದ್ದ. ಅವನಿಗೇನು ವೀಸಾ ಬೇಕಾ?"

ಅಲ್ಲಿಂದ ಮುಂದೆ ಅಜ್ಜಿಗೂ ಮೊಮ್ಮಗಳಿಗೂ ಒಂದು ಪಂದ್ಯವೇ ಶುರುವಾಯಿತು. ಅಜ್ಜಿ ಮರದ ಹೆಸರು ಹೇಳಬೇಕು, ಮೊಮ್ಮಗಳು ಫೋನಿನಲ್ಲಿ ಅದರ ತವರು ಹುಡುಕಬೇಕು. ಬೇಸಿಗೆ ಬೆಂಗಳೂರನ್ನು ಕೆಂಪು ಮಾಡುವ ಗುಲ್‌ಮೊಹರ್ ಮಡಗಾಸ್ಕರಿನದು. ನೀಲಿ ಜಕರಾಂಡ, ಹಳದಿ ತಬೂಬಿಯ ಎರಡೂ ದಕ್ಷಿಣ ಅಮೆರಿಕದ ಕಡೆಯವು. ಅಷ್ಟಗಲ ಕೊಡೆ ಹಿಡಿದ ಮಳೆ ಮರವೂ ಸಾಗರದಾಚೆಯದೇ. ಒಂದು ಜಾತಿ ಉದುರುವ ಹೊತ್ತಿಗೆ ಇನ್ನೊಂದು ಅರಳಲಿ, ವರ್ಷವಿಡೀ ರಸ್ತೆಯಲ್ಲಿ ಬಣ್ಣವಿರಲಿ ಅಂತ ಲೆಕ್ಕ ಹಾಕಿ ನೆಡಿಸಿದವರೂ ಜರ್ಮನಿಯಲ್ಲಿ ಹುಟ್ಟಿ 1908ರಲ್ಲಿ ಲಾಲ್‌ಬಾಗಿಗೆ ಬಂದ ಕೃಂಬಿಗಲ್. "ಬೆಂಗಳೂರಲ್ಲಿ ಹೊರಗಿನವರು ಜಾಸ್ತಿಯಾದರು" ಅಂತ ಬಸ್ಸಿನಲ್ಲಿ ಗೊಣಗುವ ನಮ್ಮ ಪಕ್ಕದ ಮನೆಯವರಿಗೆ, ಅವರು ಯಾರ ನೆರಳಿನಲ್ಲಿ ಬಸ್ಸಿಗೆ ಕಾಯುತ್ತಾರೆ ಅಂತ ಹೇಳಬೇಕು ಅಂದುಕೊಂಡಿದ್ದೇನೆ. ಹೊಂಗೆ ಮಾತ್ರ ನಮ್ಮದೇ. ಏಪ್ರಿಲ್ ಬಿಸಿಲಿನಲ್ಲಿ ಅದರ ಎಳೆಹಸಿರಿನ ಕೆಳಗೆ ನಿಂತರೆ, ಯಾರೋ ಒಳಗಿನಿಂದ ಫ್ಯಾನ್ ಹಾಕಿದ ಹಾಗಿರುತ್ತದೆ.

ಗುಲ್‌ಮೊಹರ್ ಅನ್ನುವ ಹೆಸರನ್ನು ಅಮ್ಮ ಒಪ್ಪಲೇ ಇಲ್ಲ. ಅವರಿಗೆ ಅದು ಕತ್ತಿಕಾಯಿ ಮರ. ಮೊಗ್ಗು ಬಿಡಿಸಿ, ಒಳಗಿನ ಕೇಸರದ ಕಡ್ಡಿಗಳನ್ನು ತೆಗೆದು, ಒಂದರ ಕತ್ತಿಗೆ ಇನ್ನೊಂದನ್ನು ಸಿಕ್ಕಿಸಿ ಎಳೆಯುವ ಕೋಳಿಜಗಳ ಆಟವನ್ನು ಮೊಮ್ಮಗನಿಗೆ ಕಲಿಸಿದರು. ಯಾರ ಕೋಳಿಯ ತಲೆ ಹಾರುತ್ತದೋ ಅವರು ಸೋತರು. ಅವತ್ತು ಹನ್ನೊಂದು ಕೋಳಿ ಸತ್ತವು. ಹನ್ನೊಂದೂ ಮಗನವೇ. ಮನೆಯಲ್ಲಿ ಫೋನಿನ ಆಟದಲ್ಲಿ ದಿನಕ್ಕೆ ನೂರು ಜನರನ್ನು ಹೊಡೆಯುವ ಹುಡುಗ, ಹೂವಿನ ಕಡ್ಡಿಯ ಮುಂದೆ ಸೋತು ಮುಖ ಊದಿಸಿಕೊಂಡು ಬಂದ.

ಎರಡನೆಯ ಸವಾರಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಅದು ಬೇಗ ಮುಗಿಯಿತು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ. ಬಸ್ಸಿಳಿದು, ಕೆಂಪು ಕಟ್ಟಡದ ಮುಂದೆ ಸಾಲಾಗಿ ನಿಂತೆವು. ಬಾಗಿಲು ಹಾಕಿತ್ತು. ಸೋಮವಾರ ರಜ. ತಪ್ಪು ನನ್ನದೇ, ಕೇಳದೆ ಹೊರಟವನು ನಾನು. ನಮ್ಮಾಕೆ ಬೀಗವನ್ನು ಚೆನ್ನಾಗಿ ನೋಡಿ, "ತುಂಬ ಪುರಾತನವಾದದ್ದು ಅನ್ಸುತ್ತೆ" ಅಂದಳು. ಕಬ್ಬನ್ ಪಾರ್ಕಿನ ಬೆಂಚಿನಲ್ಲಿ ಕೂತು ಚಿತ್ರಾನ್ನ ತಿಂದು ವಾಪಸು ಬಂದೆವು. ಆ ಹೊತ್ತಿಗೆ ಸರಿಯಾಗಿ ಮನಾಲಿಯಿಂದ ವಾಟ್ಸಾಪಿನಲ್ಲಿ ಹದಿನೇಳು ಫೋಟೋ ಬಂದವು. ಹದಿನೇಳರಲ್ಲೂ ಷಡ್ಡಕ ಬಾಡಿಗೆಯ ತುಪ್ಪಳದ ಕೋಟು ಹಾಕಿ ಕರಡಿಯ ಹಾಗೆ ನಗುತ್ತಿದ್ದ.

ಮರುದಿನ ಛಲ ಬಿಡದೆ ಮತ್ತೆ ಹೊರಟೆ. ಈ ಸಲ ಒಳಗೆ ಹೋದೆವು. 1865ರಲ್ಲಿ ಶುರುವಾದ ಈ ಸಂಗ್ರಹಾಲಯದ ಮುಂದೆ ನಾನು ಎಷ್ಟು ವರ್ಷ ಓಡಾಡಿದ್ದೇನೆ. ಒಳಗೆ ಯಾರಿದ್ದಾರೆಂದು ಕೇಳಿದವನಲ್ಲ. ಒಳಗೆ ಕಾಳಿ ಇದ್ದಳು.

ಕಾಳಿ ಒಂದು ನಾಯಿ. ಕ್ರಿ.ಶ. 949ರ ಆತಕೂರು ಶಾಸನದ ನಾಯಿ. ಮಂಡ್ಯ ಸೀಮೆಯ ಆತಕೂರಿನಿಂದ ತಂದ ಕಲ್ಲು. ಕತೆ ಏನೆಂದರೆ, ತಕ್ಕೋಲದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧವಾಯಿತು, ಚೋಳರ ರಾಜಾದಿತ್ಯ ಸತ್ತ. ಕೃಷ್ಣನ ಪಕ್ಷದಲ್ಲಿದ್ದವನು ಗಂಗರ ಬೂತುಗ. ಬೂತುಗನ ಭಟ ಮಣಲೇರ. ಇವನ ಪರಾಕ್ರಮ ಮೆಚ್ಚಿ, ಏನು ಬೇಕೋ ಕೇಳು ಅಂದರೆ ಮಣಲೇರ ಕೇಳಿದ್ದು ಏನನ್ನು? ಊರನ್ನಲ್ಲ, ಹೊನ್ನನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು! ಯೋಚಿಸಿ ನೋಡಿ, ಇವತ್ತು ಯಾರಿಗಾದರೂ ಹಾಗೆ ವರ ಕೊಟ್ಟರೆ ಸೈಟು ಬಿಟ್ಟು ನಾಯಿ ಕೇಳುತ್ತಾರೆಯೇ? ಕೇಳಿದರೂ ಮನೆಗೆ ಹೋದ ಮೇಲೆ ಹೆಂಡತಿ ಏನೆಂದಾಳು? ಮುಂದೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿದ್ದು ಕಾದಾಡಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದರ ನೆನಪಿಗೆ ಕಲ್ಲು ನಿಲ್ಲಿಸಿದ, ಅದರ ಪೂಜೆಗೆ ಭೂಮಿ ಬಿಟ್ಟ. ಕಲ್ಲಿನ ಮೇಲೆ ಹಂದಿಯೂ ನಾಯಿಯೂ ಇನ್ನೂ ಕಚ್ಚಾಡುತ್ತಲೇ ಇವೆ. ಸಾವಿರ ವರ್ಷ ದಾಟಿತು, ಇಬ್ಬರೂ ಬಿಟ್ಟಿಲ್ಲ.

ಈ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಪೂಜಾರಿ ಊಟ ಮಾಡಿದರೆ ಅವನಿಗೆ ಪಾಪ ಅಂತಲೂ ಶಾಸನ ಹೇಳುತ್ತದೆ. ಇದನ್ನು ನಾನು ಬಹಳ ಗಂಭೀರವಾಗಿ ವಿವರಿಸಿದೆ. ನಮ್ಮಾಕೆ ನನ್ನನ್ನೂ ನನ್ನ ಕೈಯಲ್ಲಿದ್ದ ಕೋಡುಬಳೆಯನ್ನೂ ಒಟ್ಟಿಗೆ ನೋಡಿದಳು.

ಮಗ ಮಾತ್ರ ಆ ಕಲ್ಲಿನ ಮುಂದಿನಿಂದ ಕದಲಲಿಲ್ಲ. ಶಾಲೆಯ ಪುಸ್ತಕದಲ್ಲಿ ರಾಷ್ಟ್ರಕೂಟರನ್ನು ಇಸವಿಗಳ ಪಟ್ಟಿಯಾಗಿ ಓದಿ ಹದಿನೆಂಟು ಅಂಕ ತಂದವನು. "ಅಪ್ಪ, ನಾಯಿಯನ್ನ ಪುಸ್ತಕದಲ್ಲಿ ಯಾಕೆ ಹಾಕಿಲ್ಲ?" ಅಂದ. ಹಾಕಿದ್ದರೆ ಮೂರನೆಯ ಕೃಷ್ಣನೂ ಅವನಿಗೆ ಮರೆಯುತ್ತಿರಲಿಲ್ಲ. ಮನೆಗೆ ಬಂದವನೇ ನಮ್ಮ ರಸ್ತೆಯ ಕಂದು ನಾಯಿಗೆ ಬಿಸ್ಕತ್ತು ಹಾಕಿ 'ಕಾಳಿ' ಅಂತ ನಾಮಕರಣ ಮಾಡಿದ. ಅದು ಗಂಡು ನಾಯಿ. ಹೆಸರಿಗೆ ಇನ್ನೂ ತಿರುಗುತ್ತಿಲ್ಲ, ಬಿಸ್ಕತ್ತಿಗೆ ತಿರುಗುತ್ತದೆ.

ನಾನು ಆ ಶಾಸನದ ಫೋಟೋ ಷಡ್ಡಕನಿಗೆ ಕಳಿಸಿದೆ, ಜೊತೆಗೆ ಅರ್ಧ ಪುಟ ವಿವರಣೆ. ಅವನಿಂದ ಒಂದು ಹೆಬ್ಬೆಟ್ಟು ಬಂತು. ಓದದವರು ಹೆಬ್ಬೆಟ್ಟು ಒತ್ತುವ ಪದ್ಧತಿ ನಮ್ಮಲ್ಲಿ ಹಳೆಯದೇ.

ಆಮೇಲೆ ಬೇಗೂರು. ಇದು ಸ್ವಲ್ಪ ದೂರ, ಎರಡು ಬಸ್ಸು ಬದಲಿಸಬೇಕು. ಅಲ್ಲಿ ಗಂಗರ ಕಾಲದ ನಾಗೇಶ್ವರ ದೇವಸ್ಥಾನವಿದೆ. ಆ ದೇವಸ್ಥಾನದಲ್ಲಿ ಕ್ರಿ.ಶ. 890ರ ಸುಮಾರಿನ ಒಂದು ಬರಹವಿದೆ. ನಾಗತ್ತರ ಅನ್ನುವವನ ಕಡೆಯವರು 'ಬೆಂಗಳೂರು ಕಾಳಗ'ದಲ್ಲಿ ಸತ್ತರು ಅನ್ನುವುದು ಅದರ ಸಾರ. ನಮ್ಮ ಊರಿನ ಹೆಸರು ಬಹಳ ಹಿಂದೆಯೇ ಕಲ್ಲಿನಲ್ಲಿ ಸಿಗುವುದು ಅಲ್ಲಿ.

ಬೆಂಗಳೂರು ಕಾಳಗ ಅಂದರೆ ಏನಿರಬಹುದು ಅಂತ ನಾನು ಬಸ್ಸಿನಲ್ಲಿ ಯೋಚಿಸುತ್ತ ಹೋದೆ. ಯೋಚಿಸಲು ಬೇಕಾದಷ್ಟು ಸಮಯವಿತ್ತು, ನಾವು ಸಿಲ್ಕ್ ಬೋರ್ಡ್ ವೃತ್ತದಲ್ಲಿದ್ದೆವು. ಎಡಕ್ಕೆ ಲಾರಿ, ಬಲಕ್ಕೆ ಆಟೋ ಪಡೆ, ಮುಂದೆ ಒಬ್ಬನೇ ವೀರ ಹೆಲ್ಮೆಟ್ಟಿಲ್ಲದೆ ವ್ಯೂಹ ಭೇದಿಸುತ್ತಿದ್ದ. ಹಿಂದಿನಿಂದ ಶಂಖ, ಕಹಳೆ, ಭೇರಿ, ಎಲ್ಲ ಹಾರ್ನಿನ ರೂಪದಲ್ಲಿ. ಕಾಳಗ ಮುಗಿದಿಲ್ಲ, ಜಾಗ ಸ್ವಲ್ಪ ಬದಲಾಗಿದೆ ಅಷ್ಟೆ ಅಂತ ನನಗೆ ಖಾತ್ರಿಯಾಯಿತು. ನಲವತ್ತು ನಿಮಿಷವಾದ ಮೇಲೆ ನಾವು ಗೆದ್ದು ಹೊರಬಂದೆವು.

ದೇವಸ್ಥಾನದ ಆವರಣದಲ್ಲಿ ಮಗ ತಗಾದೆ ತೆಗೆದ. "ನಮ್ಮ ಮಿಸ್ ಹೇಳಿದ್ದು ಬೇರೆ. ಬಲ್ಲಾಳ ರಾಜ ಬೇಟೆಗೆ ಬಂದು ದಾರಿ ತಪ್ಪಿದ, ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು."

ಹೊಯ್ಸಳ ವೀರಬಲ್ಲಾಳ ಆಳಿದ್ದು 1173ರಿಂದ ಮುಂದೆ, ಈ ಕಲ್ಲಿನಲ್ಲಿ ಬೆಂಗಳೂರು ಅಂತ ಬರೆದದ್ದು ಅವನಿಗಿಂತ ಮುನ್ನೂರು ವರ್ಷದಷ್ಟು ಹಿಂದೆ, ರಾಜ ಹಸಿಯುವುದಕ್ಕೆ ಮುಂಚೆಯೇ ಊರಿಗೆ ಹೆಸರಿತ್ತು ಎಂದು ನಾನು ಸವಿಸ್ತಾರವಾಗಿ ಶುರುಮಾಡಿದೆ. ಪುಟ್ಟ ಮುಖ ಬಾಡಿತು. ಅಷ್ಟರಲ್ಲಿ ಅಮ್ಮ ಹೊರಗೆ ಮರದ ನೆರಳಿನಲ್ಲಿ ಕೂತು ಚೀಲದಿಂದ ಡಬ್ಬಿ ತೆಗೆದರು.

"ಬಾರೋ, ಹೊಟ್ಟೆ ಹಸಿದಿರುತ್ತೆ."

ಡಬ್ಬಿಯಲ್ಲಿ ಹೆಸರುಕಾಳಿನ ಉಸಲಿ. ಬೆಂದ ಕಾಳು, ಕೊಡುತ್ತಿರುವವರು ಅಜ್ಜಿ. ನಾನು ಶಾಸನವನ್ನು ಅಲ್ಲಿಗೇ ಬಿಟ್ಟು ಕೈಯೊಡ್ಡಿದೆ.

ದೊಡ್ಡಾಲದ ಮರಕ್ಕೂ ಹೋಗಿದ್ದೆವು, ರಾಮೋಹಳ್ಳಿಯ ಹತ್ತಿರದ್ದು. ಮೂರು ಎಕರೆಯಷ್ಟು ಹಬ್ಬಿದೆ, ವಯಸ್ಸು ನಾನೂರು ವರ್ಷದ ಸುಮಾರು ಅನ್ನುತ್ತಾರೆ. ಅದರ ಮೂಲ ಬುಡ ರೋಗ ಹತ್ತಿ ಎಂದೋ ಹೋಗಿದೆ, ಈಗಿರುವುದೆಲ್ಲ ಇಳಿದು ಬೇರೂರಿದ ಬಿಳಲುಗಳು. "ನಿಮ್ಮ ತಾತನ ಮನೆ ಇದ್ದ ಹಾಗಿದೆ" ಅಂದಳು ನಮ್ಮಾಕೆ. "ದೊಡ್ಡವರು ಹೋದ್ರು. ಉಳಿದವರೆಲ್ಲ ತಾವೇ ಬುಡ ಅಂತ ನಿಂತಿದಾರೆ." ನಮ್ಮ ದಾಯಾದಿಗಳ ಪಾಲಿನ ಕೇಸು ನಡೆಯುತ್ತಿರುವುದರಿಂದ ಈ ಬಗ್ಗೆ ಹೆಚ್ಚು ಬರೆಯುವಂತಿಲ್ಲ. ಮೊಸರನ್ನದ ಡಬ್ಬಿಯನ್ನು ಕೋತಿ ಒಯ್ಯಿತು. ಉಪ್ಪಿನಕಾಯಿಯನ್ನು ನಮಗೇ ಬಿಟ್ಟಿತು.

ಹೀಗೆ ಏಪ್ರಿಲ್ ಕಳೆಯಿತು. ಎಲ್ಲ ಸುಖವಾಗಿಯೇ ನಡೆಯಿತು ಅಂದುಕೊಳ್ಳಬೇಡಿ. ಕೆಂಪೇಗೌಡರ ನಾಲ್ಕು ಗೋಪುರಗಳನ್ನೂ ಒಂದೇ ಬೆಳಗ್ಗೆ ತೋರಿಸುತ್ತೇನೆಂದು ಹೊರಡಿಸಿ, ಲಾಲ್‌ಬಾಗಿನದು, ಕೆಂಪಾಂಬುಧಿ ಕೆರೆಯದು ಆಗುವ ಹೊತ್ತಿಗೆ ಹನ್ನೊಂದರ ಬಿಸಿಲೇರಿತು. ಹಲಸೂರು ಮತ್ತು ಮೇಖ್ರಿ ವೃತ್ತದವನ್ನು ಬಸ್ಸಿನ ಕಿಟಕಿಯಿಂದಲೇ ನೋಡಿದ್ದೇವೆಂದು ತೀರ್ಮಾನಿಸಿದೆವು. ಮಗಳು ಎರಡು ಸಲ ಮುಷ್ಕರ ಹೂಡಿದಳು. ನನ್ನ ಮೂಗಿನ ತುದಿ ಸುಟ್ಟು ಸಿಪ್ಪೆ ಎದ್ದಿತು. ಆದರೆ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಮಾತು ಶುರುವಾಗಿತ್ತು. ಅದೂ ಟೀವಿ ಆರಿಸಿ. "ನಾಳೆ ಎಲ್ಲಿಗೆ?" ಅಂತ ಮೊದಲು ಕೇಳಿದವರು ಯಾರು ಅಂದುಕೊಂಡಿರಿ? ನಮ್ಮಾಕೆಯೇ. ಲೋಟ ಸದ್ದಿಲ್ಲದೆ ಕೂತಿತು.

ಮನಾಲಿಯಿಂದ ನಾದಿನಿಯ ಸಂಸಾರ ವಾಪಸಾದ ಮೇಲೆ ಒಂದು ಭಾನುವಾರ ಊಟಕ್ಕೆ ಬಂದರು. ಅಕ್ಕನಿಗೆ ಶಾಲು, ಅತ್ತೆಗೆ ಒಣ ಹಣ್ಣು, ನನಗೆ ಒಂದು ಕುಲು ಟೋಪಿ. ಬೆಂಗಳೂರಿನ ಮೇ ತಿಂಗಳಲ್ಲಿ ಉಣ್ಣೆಯ ಟೋಪಿ ಕೊಡುವುದು ನನ್ನ ಹಿಮಾಲಯದ ಫೋನಿಗೆ ತೀರಿಸಿದ ಮುಯ್ಯಿ ಅಂತ ನನಗೆ ಅರ್ಥವಾಯಿತು. ಸಂಜೆ ಎಲ್ಲರೂ ದೊಡ್ಡ ಬಸವಣ್ಣನ ಗುಡಿಗೆ ನಡೆದೆವು. ಅಲ್ಲಿ ಪಕ್ಕದ ಕಹಳೆಬಂಡೆಯ ಹತ್ತಿರ ಇರುವಾಗ ಪಡುವಣದಲ್ಲಿ ಕಪ್ಪಾಗಿ, ಮಣ್ಣಿನ ವಾಸನೆ ಎದ್ದು, ಭರಣಿ ಮಳೆ ಹಿಡಿಯಿತು. ಹದಿನೈದೇ ನಿಮಿಷ. ಬಿಟ್ಟಾಗ ರಸ್ತೆಯ ಎರಡು ಬದಿಯಲ್ಲೂ ಕೆಂಪು ನೀರು ಓಡುತ್ತಿತ್ತು.

ನನ್ನ ಕೊನೆಯ ಅಸ್ತ್ರವನ್ನು ನಾನು ಈ ಗಳಿಗೆಗೇ ಇಟ್ಟುಕೊಂಡಿದ್ದೆ. "ನಿಮ್ಮ ಮನಾಲಿಯಲ್ಲಿ ನದಿ ಎಷ್ಟು?" ಅಂತ ಷಡ್ಡಕನನ್ನು ಕೇಳಿದೆ.

"ಬಿಯಾಸ್ ಭಾವ. ಏನು ಸೆಳವು ಅಂತೀರಿ!"

"ಒಂದೇ ತಾನೇ? ಇಲ್ಲಿ ಎರಡಿವೆ."

ಅವನು ಮೋರಿಯ ಕಡೆ ನೋಡಿದ. ನಾನು ಸುಳ್ಳು ಹೇಳಿರಲಿಲ್ಲ. ಬೆಂಗಳೂರು ಕೂತಿರುವುದು ಒಂದು ಏರಿನ ಬೆನ್ನಿನ ಮೇಲೆ, ಬಸವನಗುಡಿಯ ಈ ದಿಬ್ಬ ಅದರ ಒಂದು ಎಲುಬು. ಇಲ್ಲಿಂದ ಪಡುವಣಕ್ಕೆ ಇಳಿದ ನೀರು ಕೆಂಪಾಂಬುಧಿ ಕಡೆ ಹೋಗಿ ವೃಷಭಾವತಿಯಾಗುತ್ತದೆ. ಬಸವಣ್ಣನ ಪಾದದಲ್ಲಿ ಹುಟ್ಟುತ್ತಾಳೆ ಅನ್ನುವ ಪ್ರತೀತಿಯಿಂದಲೇ ಅವಳಿಗೆ ಆ ಹೆಸರು. ಅವಳು ಅರ್ಕಾವತಿಯನ್ನು, ಅರ್ಕಾವತಿ ಕಾವೇರಿಯನ್ನು ಸೇರುತ್ತವೆ. ಮೂಡಣಕ್ಕೆ ಇಳಿದ ನೀರು ಲಾಲ್‌ಬಾಗಿನ ಕಡೆಯಿಂದ ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಒಂದೇ ಮೋಡದ ಎರಡು ಹನಿ, ಅಕ್ಕಪಕ್ಕದಲ್ಲಿ ಬಿದ್ದು, ಬೇರೆ ಬೇರೆ ದಾರಿ ಹಿಡಿದು, ಕೊನೆಗೆ ಬಂಗಾಳ ಕೊಲ್ಲಿಯಲ್ಲಿ ಮತ್ತೆ ಸಿಗುತ್ತವೆ. ನಡುವೆ ಅವಕ್ಕೆ ನಾವು ಏನೇನು ಬೆರೆಸಿ ಕಳಿಸುತ್ತೇವೆ ಅನ್ನುವುದನ್ನು ಊಟಕ್ಕೆ ಬಂದ ನೆಂಟರ ಮುಂದೆ ಹೇಳಬಾರದು. ಮೂಗಿಗೆ ಅಷ್ಟರಲ್ಲೇ ಗೊತ್ತಾಗಿತ್ತು.

ಮಗ ನನ್ನ ಜೇಬಿನಿಂದ ಹಳೆಯ ಬಸ್ ಟಿಕೆಟ್ಟುಗಳನ್ನು ಎಳೆದು ದೋಣಿ ಮಾಡಿದ. ಈ ಬದಿಗೆ ಒಂದು, ಆ ಬದಿಗೆ ಒಂದು. ಷಡ್ಡಕ ಮೊದಲು ಕೈಕಟ್ಟಿ ನಿಂತಿದ್ದ. ಆಮೇಲೆ ಪ್ಯಾಂಟು ಮಡಿಸಿದ. ಆಮೇಲೆ ನೋಡಿದರೆ ಹೊಸ ಬೂಟು ಕೈಯಲ್ಲಿ ಹಿಡಿದು ಪಿನಾಕಿನಿಯ ದೋಣಿಯ ಹಿಂದೆ, "ಹೋಯ್ತು ಹೋಯ್ತು, ಕಡ್ಡಿ ಕೊಡೋ" ಅಂತ ಓಡುತ್ತಿದ್ದ. ಕಾವೇರಿಯ ದೋಣಿ ಇಪ್ಪತ್ತು ಹೆಜ್ಜೆ ಹೋಗಿ ಒಂದು ಹಾಲಿನ ಕವರಿಗೆ ಸಿಕ್ಕಿ ನಿಂತಿತು. ಪಿನಾಕಿನಿಯದು ತಿರುವಿನವರೆಗೂ ಹೋಯಿತು. ಅವನೇ ಗೆದ್ದ.

ವಾಪಸು ಬರುತ್ತ ಅವನು ಬಹಳ ಹೊತ್ತು ಸುಮ್ಮನಿದ್ದ. ಕೊನೆಗೆ, "ಭಾವ, ಆ ನಾಯಿ ಕಲ್ಲಿನ ಫೋಟೋ ಕಳಿಸಿದ್ರಲ್ಲ, ಅದು ಎಲ್ಲಿರೋದು?" ಅಂದ.

"ಕಸ್ತೂರಬಾ ರಸ್ತೆ. ಮ್ಯೂಸಿಯಂನಲ್ಲಿ."

"ನಾಳೆಯೂ ನನಗೆ ರಜ ಇದೆ. ಮಕ್ಕಳನ್ನ ಕರ್ಕೊಂಡು ಬೆಳಗ್ಗೆನೇ ಹೋಗಿ ನೋಡ್ಕೊಂಡು ಬರ್ತೀನಿ."

ನಾನು ಬಾಯಿ ತೆರೆದೆ. ನಮ್ಮಾಕೆ ನನ್ನ ಕೈ ಚಿವುಟಿ, "ಹೋಗಿ ಬನ್ನಿ, ತುಂಬ ಚೆನ್ನಾಗಿದೆ" ಅಂದಳು.

ನೀವು ಹೋಗುವುದಾದರೆ ಮಂಗಳವಾರ ಹೋಗಿ.